ಅತ್ತೆ ಕೂರುತ್ತಿದ್ದ ಜಾಗ

ಶಹಾಬಾದದ ಶಿವಗಂಗಾಳ ಮನೆಯ ನೆಲ ಈಗ ಮುಖ ಕಾಣುವಷ್ಟು ಹೊಳೆಯುತ್ತದೆ. ಮಾವ ಸೂಗಪ್ಪನವರು ತಾವೇ ಗಣಿಗೆ ಹೋಗಿ ಆರಿಸಿ ತಂದು ಹಾಸಿಸಿದ ಪರಸಿ ಕಲ್ಲು ಅದು. ಈಚೆಗೆ ಶಿವಗಂಗಾಳ ಮಗ ಶರಣಕುಮಾರ ಪಕ್ಕದ ವಾಡಿಯಿಂದ ಪಾಲಿಶ್ ಮಾಡುವವರನ್ನು ಕರೆಸಿ, ಕಲ್ಲು ಉಜ್ಜಿಸಿ, ಸಂದುಗಳನ್ನೆಲ್ಲ ಹೊಸದಾಗಿ ತುಂಬಿಸಿದ. ಬೀಗುವವರು ಗಂಡಸರು, ಒರೆಸುವವರು ಹೆಂಗಸರು. ಹೀಗಾಗಿ ಮೇಸ್ತ್ರಿ ಅಶೋಕಕುಮಾರ ಹೊರಡುವಾಗ ಬುದ್ಧಿ ಹೇಳಿದ್ದು ಶಿವಗಂಗಾಳಿಗೆ, ಅವಳ ಸೊಸೆಗೆ. ಬಟ್ಟೆ ಚೆನ್ನಾಗಿ ಹಿಂಡಿ ಒರೆಸಬೇಕು, ಸಂದಿನಲ್ಲಿ ನೀರು ನಿಲ್ಲಬಾರದು, ಆಸಿಡ್ ಅಂತೂ ಮನೆಯೊಳಗೇ ಬೇಡ.

“ಹುಣಸಿಹುಳಿ ಬಿದ್ರ ಮುಗೀತ್ರಿ ಅವ್ವಾರೆ, ಹೊಳಪು ತಿಂದು ಹಾಕ್ತದ.”

ಇದನ್ನು ಶಿವಗಂಗಾಳಿಗೆ ಯಾರೂ ಹೇಳಬೇಕಿರಲಿಲ್ಲ. ಹಿತ್ತಲ ಬಾಗಿಲ ಬಳಿ ಅಂಗೈಯಗಲದ ಬೆಳ್ಳನೆಯ ಕಲೆಯೊಂದಿತ್ತು. ಅವಳ ಅತ್ತೆ ಹಣಮವ್ವ ದಿನವಿಡೀ ಕೂರುತ್ತಿದ್ದುದು ಅಲ್ಲೇ. ಅಲ್ಲೇ ತೊಗರಿಬೇಳೆ ಆರಿಸುತ್ತಿದ್ದರು, ಅಲ್ಲೇ ಮೊಮ್ಮಗನಿಗೆ ರೊಟ್ಟಿ ಮುರಿದು ತಿನ್ನಿಸುತ್ತಿದ್ದರು. ಪಾಲಿಶ್ ಯಂತ್ರ ಒಂದೇ ದಿನದಲ್ಲಿ ಆ ಕಲೆಯನ್ನು ಅಳಿಸಿತು. ಚಂದವಾಯಿತು ಎಂದರು ಎಲ್ಲರೂ. ಶಿವಗಂಗಾಳಿಗೆ ಮಾತ್ರ ಅತ್ತೆ ಇನ್ನೊಂದು ಸಲ ತೀರಿಕೊಂಡಂತಾಯಿತು.

ಶ್ರಾವಣದ ಸೋಮವಾರ ಸೊಸೆ ಭುವನೇಶ್ವರಿ ಪೂಜೆಯ ಹಿತ್ತಾಳೆ ಸಾಮಾನಿಗೆ ಹುಣಸೆಹುಳಿ ಹಚ್ಚಿ ಹಿತ್ತಲಿಗೆ ಒಯ್ಯುತ್ತಿದ್ದಳು. ಹೊಸ್ತಿಲು ಎಡವಿದಳು. ಹುಳಿನೀರು ನೆಲಕ್ಕೆ ಚೆಲ್ಲಿತು. ಗಾಬರಿಯಲ್ಲಿ ದೀಪ, ಗಂಟೆ ಎತ್ತಿಕೊಳ್ಳುವುದರೊಳಗೆ ಕಲ್ಲು ಮಂಕಾಗಿ ಬೆಳ್ಳಗಾಯಿತು. ಒರೆಸಿಯೇ ಒರೆಸಿದಳು, ಆದದ್ದು ಆಗಿಹೋಗಿತ್ತು. ಗಂಡ ಶರಣಕುಮಾರ ಚಿತ್ತಾಪುರದ ಕಚೇರಿಯಿಂದ ಬರುವ ಹೊತ್ತು. ನೆಲದ ವಿಷಯದಲ್ಲಿ ಅವನಿಗೆ ಥೇಟ್ ಅಜ್ಜನಂತೆ ಮೂಗಿನ ತುದಿಯಲ್ಲೇ ಸಿಟ್ಟು.

“ಈಗ ಏನ್ ಮಾಡ್ಲಿ ಅತ್ತಿ?” ಎಂದಳು.

ಶಿವಗಂಗಾಳಿಗೆ ನಲವತ್ತು ವರ್ಷ ಹಿಂದಿನದು ಕಣ್ಣಿಗೆ ಕಟ್ಟಿತು. ಮದುವೆಯಾಗಿ ಬಂದ ಎಂಟನೆಯ ದಿನ ಇದೇ ಹೊಸ್ತಿಲು ಎಡವಿ, ಹುಳಿ ಚೆಲ್ಲಿ ಆ ಹಳೆಯ ಕಲೆ ಮಾಡಿದವಳು ಅವಳೇ. ಅಂಗಳದಲ್ಲಿ ಮಾವನ ಕೆಮ್ಮು ಕೇಳಿದ್ದೇ ತಡ, ಹಣಮವ್ವ ಚಾಪೆ ತಂದು ಕಲೆಯ ಮೇಲೆ ಹಾಸಿ ಕೂತುಬಿಟ್ಟಿದ್ದರು. ಮಾವ ಇರುವತನಕ ಆ ಜಾಗ ಬಿಡಲಿಲ್ಲ. ಆಮೇಲೆ ಅದೇ ರೂಢಿಯಾಯಿತು.

ಹೊರಗೆ ಬೈಕು ನಿಂತಿತು. ಶಿವಗಂಗಾ ಚಾಪೆ ಎಳೆದು ತಂದು ಹಿತ್ತಲ ಬಾಗಿಲ ಬಳಿ ಹಾಸಿ ಕೂತಳು.

“ಅವ್ವಾ, ದಾರ್ಯಾಗ ಯಾಕ ಕುಂತಿ?” ಎಂದ ಒಳಗೆ ಬಂದ ಮಗ.

“ಇಲ್ಲಿ ಗಾಳಿ ಭಾಳ ಛಲೋ ಬರ್ತದಪಾ. ಇನ್ನ ಮ್ಯಾಲ ಇಲ್ಲೇ ಕುಂದ್ರತೀನಿ,” ಎಂದು ಸೊಸೆಯ ಕಡೆ ತಿರುಗಿದಳು. “ಭುವನಾ, ತಾಟಿನಾಗ ಬ್ಯಾಳಿ ಹಾಕ್ಕೊಂಡು ಬಾ, ಆರಸ್ತೀನಿ.”