ಪುರಾವೆ ಟೀಚರ್ ಅಳೆದ ಗೆರೆಗಳು

ನಮ್ಮ ಶಾಲೆಯ ಇತಿಹಾಸದ ಮೇಡಂಗೆ ಮಕ್ಕಳು ಇಟ್ಟ ಹೆಸರು ಪುರಾವೆ ಟೀಚರ್. ಹೊಟ್ಟೆನೋವು ಎಂದು ರಜೆ ಕೇಳಿದರೆ "ಯಾವಾಗಿಂದ? ನೋಡಿದವರು ಯಾರು?" ಎನ್ನುವ ಹೆಂಗಸು. ಗಂಡ, ಪಾಪ, ತಡವಾಗಿ ಮನೆಗೆ ಬಂದರೆ ತಾನಾಗಿಯೇ ಬಸ್ ಟಿಕೆಟ್ ತೋರಿಸುತ್ತಾರೆ. ಅದರ ತಾರೀಖನ್ನೂ ಇವರು ಓದುತ್ತಾರೆ. ಒಂದೇ ಸ್ಟಾಫ್ ರೂಮಿನಲ್ಲಿ ಒಂಬತ್ತು ವರ್ಷ ಎದುರುಬದುರು ಕೂತು ನನಗೂ ಸಾಕುಸಾಕಾಗಿತ್ತು. ಶಿಕ್ಷಕರ ಇತಿಹಾಸ ತರಬೇತಿಗೆ ನಮ್ಮಿಬ್ಬರನ್ನೇ ಜೋಡಿ ಮಾಡಿ ಕಳಿಸಿದರು, ನನ್ನ ಗ್ರಹಚಾರ.

ತರಬೇತಿ ನಡೆದದ್ದು ಒಂದು ಹಳೆಯ ಜೈಲಿನಲ್ಲಿ. ಈಗದು ವಸ್ತುಸಂಗ್ರಹಾಲಯ. ಮುಂದಿನ ತಿಂಗಳು ದುರಸ್ತಿ ಶುರುವಾಗುವುದಿತ್ತು.

"ಒಂದೊಂದು ಜೋಡಿ ಗೋಡೆ ಮೇಲಿನ ಒಂದೊಂದು ಗುರುತು ಆರಿಸ್ಕೊಳ್ಳಿ," ಎಂದರು ತರಬೇತುದಾರರು. "ಅದು ಯಾರದು, ಹೇಗೆ ಗೊತ್ತಾಯ್ತು ಅಂತ ಚೀಟಿಯಲ್ಲಿ ಬರೀರಿ. ಯಾವುದನ್ನ ಉಳಿಸ್ಬೇಕು, ಯಾವುದರ ಮೇಲೆ ಗಾರೆ ಬಳೀಬೇಕು ಅನ್ನೋದನ್ನ ಅದರ ಮೇಲೇ ತೀರ್ಮಾನ ಮಾಡ್ತೀವಿ."

ಮೇಡಂ ಆರಿಸಿದ್ದು ಏಳನೆಯ ಕೋಣೆ. ಬಾಗಿಲ ಪಕ್ಕದ ಗೋಡೆಯಲ್ಲಿ ಹನ್ನೊಂದು ಅಡ್ಡಗೆರೆ. ಕೈದಿಯೊಬ್ಬ ತನ್ನ ಸೆರೆವಾಸದ ವರ್ಷಗಳನ್ನು ಎಣಿಸಿದ ಗುರುತು ಎಂದು ಫಲಕ ಹೇಳುತ್ತಿತ್ತು. ಓದಿ ನನ್ನ ಕಣ್ಣು ಒದ್ದೆಯಾಯಿತು. ಮೇಡಂ ಮೂಗು ಮುರಿದರು.

"ಕೈದಿ ಸೊಂಟದ ಹತ್ತಿರದಿಂದ ಯಾಕೆ ಎಣಿಸ್ತಾನೆ? ಕೆಳಗೆ ಮೂರು ನಾಲ್ಕು ಬೆರಳು ಅಂತರ, ಮೇಲಕ್ಕೆ ಹೋದ್ರೆ ಅರ್ಧ ಬೆರಳು. ಏನೋ ಮಸಲತ್ತಿದೆ," ಎಂದು ಸ್ಕೇಲು ತೆಗೆದರು.

"ಮುಟ್ಬೇಡಿ ಮೇಡಂ!"

ಹಿಂದೆ ಕಾವಲುಗಾರ ನಿಂತಿದ್ದ. ನಿವೃತ್ತಿಯ ಅಂಚಿನ ಮುದುಕ, ಕೈಯಲ್ಲಿ ಬೀಗದ ಕೈ ಗೊಂಚಲು. ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದರೆ "ಮುಂಚಿಂದ" ಎಂದು ಮಾತು ತೇಲಿಸಿದ. ಊಟದ ಹೊತ್ತಿಗೆ ಎಲ್ಲರೂ ಜಗಲಿಗೆ ಹೋದರೆ ಈತ ಡಬ್ಬಿ ಹಿಡಿದು ಏಳನೆಯ ಕೋಣೆಯ ಬಾಗಿಲಲ್ಲೇ ನಿಂತು ತಿಂದ. ಆಮೇಲೆ ಬಟ್ಟೆಯಿಂದ ಗೆರೆಗಳ ಧೂಳು ಒರೆಸಿದ.

"ನೋಡಿದ್ರಾ? ಇವನೇ ಗೀಚಿರೋದು. ಬಂದವರ ಕಣ್ಣಿಗೆ ಮಣ್ಣೆರಚೋಕೆ," ಎಂದು ಮೇಡಂ ನನ್ನ ಕಿವಿಯಲ್ಲಿ ಊದಿದರು. ಈ ಸಲ ನನಗೂ ಹಾಗೇ ಅನಿಸಿತು.

ಊಟವಾದ ಮೇಲೆ ಅವರು ಆ ಕೋಣೆಯಲ್ಲೇ ಚೀಟಿ ಬರೆದು ಗಟ್ಟಿಯಾಗಿ ಓದಿದರು: "ನಕಲಿ. ಉಳಿಸಬೇಕಾಗಿಲ್ಲ."

ಕಾವಲುಗಾರ ಒಳಗೆ ಬಂದ. ಬೀಗದ ಕೈ ಕೆಳಗಿಟ್ಟ, ಟೋಪಿ ತೆಗೆದ, ಚಪ್ಪಲಿ ಬಿಟ್ಟ. ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತ. ಕೊನೆಯ ಗೆರೆ ಅವನ ನೆತ್ತಿಗಿಂತ ಒಂದು ಬೆರಳು ಮೇಲಿತ್ತು.

"ಮೊದಲು ಸರಿಯಾಗಿತ್ತು. ವಯಸ್ಸಾಯ್ತಲ್ಲ, ಕುಗ್ಗಿದೀನಿ," ಎಂದ. "ಜೈಲು ಮುಚ್ಚಿದ ಮೇಲೆ ಅಮ್ಮ ಇಲ್ಲಿ ಕಸ ಗುಡಿಸ್ತಿದ್ಲು. ಇರೋಕೆ ಈ ಕೋಣೆ ಕೊಟ್ಟಿದ್ರು. ವರ್ಷಕ್ಕೊಂದು ಸಲ ನನ್ನ ತಲೆ ಮೇಲೆ ಚಾಕು ಮಲಗಿಸಿ ಗೀರ್ತಿದ್ಲು. ಅಕ್ಷರ ಬರ್ತಿರಲಿಲ್ಲ ಅವಳಿಗೆ. ಫೋಟೋನೂ ಇಲ್ಲ. ಅವಳ ಕೈಯಿಂದು ಅಂತ ಉಳಿದಿರೋದು ಇದೊಂದೇ. ಕೈದೀದು ಅಂತ ಫಲಕ ಹಾಕಿದ್ರು, ಸುಮ್ಮನಿದ್ದೆ. ಕಸ ಗುಡಿಸೋಳ ಗೀಟು ಅಂದ್ರೆ ಯಾರು ಉಳಿಸ್ತಾರೆ?"

ನಾನು ಆಗಲೇ ನಂಬಿಬಿಟ್ಟಿದ್ದೆ. ಆದರೆ ಪುರಾವೆ ಟೀಚರ್ ಪುರಾವೆ ಟೀಚರೇ.

"ಚಾಕು ಯಾವ ಕೈಲಿ ಹಿಡೀತಿದ್ರು?"

"ಎಡಗೈ."

ಮೇಡಂ ಗೆರೆಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಹನ್ನೊಂದೂ ಬಲತುದಿಯಲ್ಲಿ ಆಳ, ಎಡಕ್ಕೆ ಬರುತ್ತಾ ತೆಳು. ಎಡಗೈಯವರು ಎಳೆಯುವುದೇ ಹಾಗೆ. ಅವರು ಮೊದಲ ಚೀಟಿ ಹರಿದು ಇನ್ನೊಂದು ಬರೆದರು: 'ಈ ಕಟ್ಟಡದ ಕಸ ಗುಡಿಸುತ್ತಿದ್ದ ತಾಯಿ ಹನ್ನೊಂದು ವರ್ಷ ಮಗನ ಎತ್ತರ ಗುರುತಿಸಿದ ಗೆರೆಗಳು. ಉಳಿಸಲೇಬೇಕು.'

"ಹೀಗೆ ಬರೆದ್ರೆ ಬಳಿದುಬಿಡ್ತಾರೆ ಮೇಡಂ. ಕೈದಿ ಅಂತಲೇ ಇರಲಿ," ಎಂದು ಆತ ಕೈ ಮುಗಿದ.

"ಸುಳ್ಳು ಬರೆಯೋಕೆ ನನ್ನ ಕೈಲಾಗಲ್ಲ. ಬಳಿಯೋಕೆ ಬಂದ್ರೆ ನಾನೇ ಬಂದು ಅಡ್ಡ ನಿಲ್ತೀನಿ."

ತರಬೇತುದಾರರು ಕೋಣೆಗೆ ಬಂದು ಚೀಟಿಯನ್ನು ಎರಡು ಸಲ ಓದಿದರು. ಫಲಕ ನೋಡಿದರು, ಗೋಡೆ ನೋಡಿದರು. ಕೊನೆಗೆ ಚೀಟಿಯನ್ನು ಉಳಿಸುವ ಕಡತಕ್ಕೆ ಸೇರಿಸಿ, "ಹೊಸ ಫಲಕಕ್ಕೆ ಬೇಕು. ಆ ತಾಯಿ ಹೆಸರೇನು?" ಎಂದರು.

ಕಾವಲುಗಾರ ಹೆಸರು ಹೇಳಿದ. ಮೇಡಂ ಅದನ್ನು ತಮ್ಮ ಪುಸ್ತಕದಲ್ಲೂ ಬರೆದುಕೊಂಡರು. ಪುರಾವೆ ಕೇಳಲಿಲ್ಲ.