ಅನುಸೂಯಾ ಬರೆದ ಸ್ವರದ ಹಾಳೆಗಳು

ಅನುಸೂಯಾ ಅವರ ತಂದೆ ಶ್ರೀಕಂಠಯ್ಯ ಮೈಸೂರು ಅರಮನೆಯ ಇಂಗ್ಲಿಷ್ ಬ್ಯಾಂಡಿಗೆ ನೊಟೇಶನ್ ನಕಲು ಮಾಡಿಕೊಡುತ್ತಿದ್ದವರು. ಪ್ರತಿ ವಾದ್ಯಕ್ಕೂ ಬೇರೆ ಹಾಳೆ. ಐದು ಗೆರೆಗಳ ಮೇಲೆ ಶಾಯಿಯಲ್ಲಿ ಒಂದೊಂದೇ ಸ್ವರ. ಪಕ್ಕದಲ್ಲಿ ಕೂತು ಕಲಿತ ಆ ಕೆಲಸ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಉಪಯೋಗಕ್ಕೆ ಬರುತ್ತದೆಂದು ಮಗಳು ಎಣಿಸಿರಲಿಲ್ಲ.

ಪತಿ ಬದರಿನಾಥ ಅಲ್ಲಿನ ತೈಲ ಕಂಪನಿಯೊಂದರಲ್ಲಿ ಎಂಜಿನಿಯರ್. ಮನೆಗೆ ಹತ್ತಿರದ ಸಿಂಫನಿ ಆರ್ಕೆಸ್ಟ್ರಾದಲ್ಲಿ ಅನುಸೂಯಾ ಸ್ವಯಂಸೇವಕಿ, ಶನಿವಾರ ಟಿಕೆಟ್ ನೋಡಿ ಸೀಟು ತೋರಿಸುತ್ತಿದ್ದರು. ಚರ್ಚಿನ ಹಾಲಿನಲ್ಲಿ ಹದಿನೆಂಟು ಮಂದಿ ಮೇಷ್ಟರು, ನರ್ಸುಗಳು ಶುರುಮಾಡಿದ ತಂಡ ಅದು. ಇಪ್ಪತ್ತೈದು ವರ್ಷಗಳಲ್ಲಿ ಅರವತ್ತು ವೃತ್ತಿಪರ ವಾದಕರ ತಂಡವಾಗಿ ಬೆಳೆದಿತ್ತು.

೨೦೦೧ರ ಜೂನ್ ಮಳೆಗೆ ಅದರ ನೆಲಮಾಳಿಗೆಯಲ್ಲಿದ್ದ ಸ್ವರದ ಹಾಳೆಗಳ ಗ್ರಂಥಾಲಯ ಮುಳುಗಿತು. ಒದ್ದೆ ಕಾಗದ ಹರವಲು ಹೋದ ಅನುಸೂಯಾಗೆ, ಒಂದು ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಗ್ರಂಥಪಾಲಕಿ ರೂತ್ ಕಂಡರು. ಅದು ತಂಡದ ಸ್ಥಾಪಕರಲ್ಲೊಬ್ಬರು ಮೊದಲ ಕಛೇರಿಗೆಂದು ರಚಿಸಿದ್ದ ಕೃತಿ, ಎಂದೂ ಅಚ್ಚಾಗಿರಲಿಲ್ಲ. ಅವರು ತೀರಿಕೊಂಡಿದ್ದರು. ಪೂರ್ತಿ ಕೃತಿಯ ಒಂದು ಪ್ರತಿ ವಾದ್ಯವೃಂದವನ್ನು ನಡೆಸುವ ಕಂಡಕ್ಟರ್ ಮನೆಯಲ್ಲಿ ಉಳಿದಿತ್ತು. ಆದರೆ ವಾದಕರು ಎದುರಿಗಿಟ್ಟುಕೊಳ್ಳುವ ಬಿಡಿ ಹಾಳೆಗಳ ಶಾಯಿಯೆಲ್ಲ ತೊಳೆದುಹೋಗಿತ್ತು. ಅಕ್ಟೋಬರಿನ ಬೆಳ್ಳಿಹಬ್ಬಕ್ಕೆ ನುಡಿಸಬೇಕಾದದ್ದು ಅದನ್ನೇ.

"ನಾನು ಬರೆದುಕೊಡ್ತೀನಿ," ಎಂದರು ಅನುಸೂಯಾ.

ರೂತ್ ನಂಬಲಿಲ್ಲ. ಅನುಸೂಯಾ ಅಲ್ಲೇ ಕೂತು ಒಂದು ಪುಟ ಬರೆದರು. ರೂತ್ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಯಾರು ಕಲಿಸಿದ್ದು?"

"ನಮ್ಮಪ್ಪ."

ಜುಲೈಯಿಂದ ಊಟದ ಮೇಜೇ ಬರೆಯುವ ಮೇಜಾಯಿತು. ಸಂಜೆ ಬದರಿನಾಥ ಹಾಳೆಯಲ್ಲಿ ಗೆರೆ ಎಳೆದು ಭಾಗಮಾಡಿದ ತಾಳದ ಮನೆಗಳನ್ನು ಎಣಿಸಿ ಮೂಲ ಪ್ರತಿಯ ಜೊತೆ ತಾಳೆ ನೋಡುತ್ತಿದ್ದರು.

"ರೀ, ಇಲ್ಲಿ ಹದಿನಾರು ಮನೆ ಇರ್ಬೇಕು, ನೋಡಿ."

"ಹದಿನೈದೇ ಇದೆಯಲ್ಲೇ."

ಅನುಸೂಯಾ ಹೊಸ ಹಾಳೆ ತೆಗೆದುಕೊಳ್ಳುತ್ತಿದ್ದರು. ಸೆಪ್ಟೆಂಬರ್ ಕೊನೆಗೆ ಅಷ್ಟೂ ಹಾಳೆ ಮುಗಿದವು.

ಮೊದಲ ರಿಹರ್ಸಲ್ಲಿನಲ್ಲಿ ಕ್ಲಾರಿನೆಟ್ ಒಂದು ಮನೆ ಮುಂಚೆಯೇ ನುಗ್ಗಿತು. ಕಂಡಕ್ಟರ್ ಕೈಯೆತ್ತಿ ನಿಲ್ಲಿಸಿದರು. ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದ ಅನುಸೂಯಾಗೆ ತಪ್ಪು ತಾನು ಬರೆದ ಹಾಳೆಯಲ್ಲೇ ಎಂದು ಗೊತ್ತಾಯಿತು. ವಿರಾಮದಲ್ಲಿ ಕ್ಷಮೆ ಕೇಳಲು ಹೋದರು.

ಕ್ಲಾರಿನೆಟ್‌ನ ವಾಲ್ಟರ್ ವಯಸ್ಸಾದವರು. "ಒಂದು ಖಾಲಿ ಮನೆ ಬಿಟ್ಟುಹೋಗಿತ್ತು, ಪೆನ್ಸಿಲಲ್ಲಿ ಸೇರಿಸಿಕೊಂಡೆ," ಎಂದರು. "ಮೂವತ್ತು ವರ್ಷದಿಂದ ನುಡಿಸ್ತಿದ್ದೀನಿ. ಪುಟ ತಿರುಗಿಸೋ ಕಡೆಯಲ್ಲೆಲ್ಲ ನನ್ನ ಕೈಗೆ ಬಿಡುವು ಸಿಗೋ ಹಾಗೆ ಬರೆದವರು ನೀವೊಬ್ಬರೇ."

"ನಾನು ಹಾಗೆ ಬರೆಯದಿದ್ರೆ ಅಪ್ಪ ಹಾಳೆ ವಾಪಸ್ ಕೊಡ್ತಿದ್ರು."

ವಾಲ್ಟರ್ ಪಕ್ಕದ ಕುರ್ಚಿ ಎಳೆದು ಕೂರಿಸಿ, ಹೋಗಿ ಕಾಫಿ ತಂದುಕೊಟ್ಟರು. ಒಬ್ಬೊಬ್ಬರಾಗಿ ಉಳಿದವರೂ ತಮ್ಮ ತಮ್ಮ ಹಾಳೆ ಹಿಡಿದು ಬಂದು ಹೆಸರು ಹೇಳಿಕೊಂಡರು.

ಬೆಳ್ಳಿಹಬ್ಬದ ಕಛೇರಿ ಚೆನ್ನಾಗಿ ನಡೆಯಿತು. ಮುಂದಿನ ವರ್ಷ ರೂತ್ ಅನುಸೂಯಾರನ್ನು ಸಹಾಯಕಿಯಾಗಿ ಸೇರಿಸಿಕೊಂಡರು. ಏಳು ವರ್ಷ ಅಲ್ಲಿ ಕೆಲಸ ಮಾಡಿ, ಪತಿ ನಿವೃತ್ತರಾದ ಮೇಲೆ ಅನುಸೂಯಾ ಆಸ್ಟಿನ್ ನಗರಕ್ಕೆ ಶಿಫ್ಟ್ ಆದರು. ಹ್ಯೂಸ್ಟನ್ನಿನ ಮಾತು ಬಂದಾಗ ಈಗಲೂ ಹೇಳುತ್ತಾರೆ: "ಮೊದಲ ಆರು ವರ್ಷ ಅಲ್ಲಿ ಬರೀ ವಾಸ ಇದ್ದೆ, ಅಷ್ಟೆ. ಆ ಕಾಫಿ ಕುಡಿದ ದಿನದಿಂದ ಅದು ನನ್ನೂರಾಯ್ತು. ಆ ತಂಡದವರ ಋಣ ದೊಡ್ಡದು."