ದೊಡ್ಡ ಬೀದಿಯಲ್ಲಿ ನಮ್ಮ ಕಂದೀಲು

ನಾನು ಚಿಕ್ಕವಳಿದ್ದಾಗ ನಮ್ಮ ಕೇರಿಗೆಲ್ಲ ಹಠಮಾರಿ ಎಂದೇ ಹೆಸರಾಗಿದ್ದೆ. ಆ ಹೆಸರು ಬಂದದ್ದು ಒಂದೇ ಒಂದು ಸಂಜೆಯಿಂದ. ಅದಕ್ಕೆ ತಪ್ಪಾಯಿತು ಎಂದು ಆಗಲೂ ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ.

ದಾವಣಗೆರೆಯ ಹತ್ತಿ ಮಿಲ್ಲೊಂದರ ಹಿಂದೆ ನಮ್ಮ ಕೇರಿ, ಕೇರಿಯ ನಡುವೆ ಒಂದು ಹೆಂಚಿನ ಚರ್ಚು. ಅಪ್ಪ ಮಿಲ್ಲಿನಲ್ಲಿದ್ದ. ಅವ್ವ ದೊಡ್ಡ ಬೀದಿಯ ಸಾಹುಕಾರರ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ನಮ್ಮದು ಕೀಳು ಜಾತಿಯಂತೆ! ಚರ್ಚಿಗೆ ಹೋದರೂ ಆ ಮಾತು ನಮ್ಮನ್ನು ಬಿಟ್ಟಿರಲಿಲ್ಲ. ಕೇರಿಯವರು ದೊಡ್ಡ ಬೀದಿಯಲ್ಲಿ ಕಾಲಿಡುವಂತಿರಲಿಲ್ಲ. ಅವ್ವ ದಿನಾ ಹಿಂದಿನ ಓಣಿಯಿಂದ ಹೋಗಿ, ಹಿಂದಿನ ಓಣಿಯಿಂದಲೇ ಬರುತ್ತಿದ್ದಳು.

ನವೆಂಬರಿನ ಚಳಿಯಲ್ಲಿ ಸಂತ ಮಾರ್ಟಿನರ ಹಬ್ಬ ಬರುತ್ತಿತ್ತು. ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿ ಸೀಳಿ ಅರ್ಧ ಕೊಟ್ಟ ಸೈನಿಕ ಆತ. ಹರಿಹರದಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದ ಫಾದರ್, ಆ ಸಂಜೆ ಮಕ್ಕಳಿಂದ ಕಂದೀಲಿನ ಮೆರವಣಿಗೆ ಮಾಡಿಸುತ್ತಿದ್ದರು. ಮೆರವಣಿಗೆ ದೊಡ್ಡ ಬೀದಿಯ ಮೂಲೆಯವರೆಗೆ ಹೋಗಿ, ಎಡಕ್ಕೆ ತಿರುಗಿ ಕೇರಿಗೆ ವಾಪಸ್ ಬರುತ್ತಿತ್ತು. ಅರ್ಧ ಬಟ್ಟೆ ಕೊಟ್ಟವರ ಹಬ್ಬವನ್ನು ಅರ್ಧ ಊರಿನಲ್ಲಿ ಮಾಡುವುದು ಯಾವ ನ್ಯಾಯ?

ಆ ವರ್ಷ ನಾನೂ ಅಕ್ಕನೂ ಬಿದಿರುಕಡ್ಡಿ ಸೀಳಿ, ಕೆಂಪು ಕಾಗದಕ್ಕೆ ಜೋಳದ ಗಂಜಿ ಹಚ್ಚಿ ಆಳಿಗೊಂದು ಕಂದೀಲು ಮಾಡಿದೆವು. ಮನೆಯೆಲ್ಲ ಹುಳಿ ಗಂಜಿಯ ವಾಸನೆ. ನನ್ನದನ್ನು ಅವ್ವ ನೋಡಲೇಬೇಕು ಎಂದು ನನ್ನ ಆಸೆ. ಆದರೆ ಅವತ್ತು ಸಾಹುಕಾರರ ಹಸು ಕರು ಹಾಕುವುದಿತ್ತು, ಅವ್ವನನ್ನು ಮನೆಗೆ ಬಿಡಲಿಲ್ಲ. ನಾಳೆ ತೋರಿಸಿದರಾಯಿತು ಎಂದಳು ಅಕ್ಕ. ಕಾಗದದ ಕಂದೀಲು ನಾಳೆಯವರೆಗೆ ಉಳಿಯುತ್ತದೆಯೇ? ಮನೆ ಮುಟ್ಟುವಷ್ಟರಲ್ಲೇ ಎಷ್ಟೋ ಸುಟ್ಟುಹೋಗುತ್ತಿದ್ದವು.

ಫಾದರ್ ಎಲ್ಲರಿಗಿಂತ ಚಿಕ್ಕವರನ್ನು ಸಾಲಿನ ಮುಂದೆ ನಿಲ್ಲಿಸುತ್ತಿದ್ದರು. "ನಿಮ್ಮ ಮುಂದಿನ ದೀಪ ನೋಡ್ಕೊಂತ ನಡೀರಿ, ಅತ್ತಿತ್ತ ನೋಡಬ್ಯಾಡ್ರಿ" ಎಂಬುದೊಂದೇ ಅವರ ನಿಯಮ. ಆ ಸಲ ಎಲ್ಲರಿಗಿಂತ ಚಿಕ್ಕವಳು ನಾನೇ.

ಮೂಲೆ ಬಂತು. ನಾನು ತಿರುಗಲಿಲ್ಲ. "ಏ, ಎಡಕ್ಕ ತಿರುಗೇ!" ಎಂದು ಅಕ್ಕ ಹಿಂದಿನಿಂದ ಜಡೆ ಜಗ್ಗಿದಳು. ಬಿಡಿಸಿಕೊಂಡು ನೆಟ್ಟಗೆ ನಡೆದೆ. ನಿಯಮ ನಿಯಮವೇ ತಾನೇ? ನನ್ನ ದೀಪ ನೋಡುತ್ತ ಅಕ್ಕ ಬಂದಳು, ಅಕ್ಕನ ದೀಪ ನೋಡುತ್ತ ಉಳಿದವರೂ ಬಂದರು. ಕೊನೆಯಲ್ಲಿದ್ದ ಫಾದರ್ ಕೂಗುವಷ್ಟರಲ್ಲಿ ಇಡೀ ಸಾಲು ದೊಡ್ಡ ಬೀದಿಯೊಳಗಿತ್ತು.

ಕಟ್ಟೆಗಳ ಮೇಲೆ ಕೂತಿದ್ದವರೆಲ್ಲ ಎದ್ದು ನಿಂತರು. ಸಾಹುಕಾರರು ಕೋಲು ಅಡ್ಡ ಹಿಡಿದು, "ಯಾರಲೇ ನಿಮ್ಮನ್ನ ಬಿಟ್ಟೋರು? ಹಿಂದಕ್ಕ ನಡೀರಲೇ!" ಎಂದು ಗದರಿದರು. ನಾನು ಕಂದೀಲನ್ನು ಇನ್ನೂ ಎತ್ತಿ ಹಿಡಿದೆ.

"ನಮ್ಮವ್ವ ಒಳಗದಾಳ್ರಿ. ಕಂದೀಲು ತೋರಿಸ್ದೆ ನಾ ಹೋಗಂಗಿಲ್ಲ."

ಫಾದರ್ ಓಡಿಬಂದರು. ರಟ್ಟೆ ಹಿಡಿದು ಎಳೆದೊಯ್ಯುತ್ತಾರೆ ಎಂದುಕೊಂಡೆ. ಅವರು ನನ್ನ ಪಕ್ಕ ನಿಂತುಬಿಟ್ಟರು.

ಗದ್ದಲ ಕೇಳಿ ಕೊಟ್ಟಿಗೆಯಿಂದ ಅವ್ವ ಬಂದಳು. ಹಿಂದಿನ ಓಣಿಯ ಕಡೆಗೆ ಹೋಗಲಿಲ್ಲ. ಸಗಣಿ ಮೆತ್ತಿದ ಕೈಯಲ್ಲೇ ಸಾಹುಕಾರರ ಮುಂದಿನ ಗೇಟು ತೆಗೆದು ಬೀದಿಗೆ ಬಂದಳು. ಕಂದೀಲನ್ನು ಸುತ್ತಲೂ ನೋಡಿ, "ಚಂದ ಐತೆ ಮಗಾ" ಎಂದಳು. ಆಮೇಲೆ ನನ್ನ ಕೈ ಹಿಡಿದು, ಎಲ್ಲರೂ ನೋಡುತ್ತಿದ್ದಂತೆ, ಬೀದಿಯ ಆ ತುದಿಯವರೆಗೂ ನಡೆದಳು. ನನಗೆ ಅಷ್ಟು ಹೆಮ್ಮೆ ಇನ್ನೆಂದೂ ಆಗಿಲ್ಲ.

ಮರುದಿನ ಅವ್ವನಿಗೆ ಕೆಲಸವಿರಲಿಲ್ಲ. ಎಷ್ಟೋ ದಿನ ಬರೀ ಅಂಬಲಿ ಕುಡಿದೆವು. ಅಪ್ಪ ನನ್ನನ್ನು ಬೈದ, ಅವ್ವ ಬೈಯಲಿಲ್ಲ. ಮುಂದಿನ ವರ್ಷ ಮೆರವಣಿಗೆ ಆ ಮೂಲೆಯಲ್ಲಿ ತಿರುಗಲಿಲ್ಲ. ಬೈಗುಳ ತಿನ್ನುತ್ತಲೇ ನೆಟ್ಟಗೆ ಹೋದೆವು.

ಮಕ್ಕಳೇ, ಈಗ ನೀವು ಟ್ಯೂಷನ್ನಿಗೆ ಅದೇ ಬೀದಿಯಲ್ಲಿ ಸೈಕಲ್ ಬೆಲ್ ಬಾರಿಸುತ್ತ ಹೋಗುತ್ತೀರಿ. ಯಾರ ಮಕ್ಕಳು ಎಂದು ಯಾರೂ ಕೇಳುವುದಿಲ್ಲ. ಮೊನ್ನೆ ನಿಮ್ಮಲ್ಲೊಬ್ಬಳು, "ಅಜ್ಜಿ, ಅಲ್ಲಿ ಟ್ರಾಫಿಕ್ ಜಾಸ್ತಿ, ಹಿಂದಿನ ಓಣಿಯಿಂದ ಹೋಗೋಣ" ಎಂದಳು. ಪಾಪ, ಅವಳಿಗೇನು ಗೊತ್ತು! ಎಷ್ಟು ಹೊತ್ತಾದರೂ ಆಗಲಿ, ದೊಡ್ಡ ಬೀದಿಯಲ್ಲೇ ನಡಿ ಎಂದೆ.